ಪುಸ್ತಕದಲ್ಲಿಲ್ಲದ ನೀಲಿ ನಾಳ

ಮೊದಲೇ ಹೇಳಿಬಿಡುವುದು ಒಳ್ಳೆಯದು: ಇದು ನಡೆದ ಸಂಗತಿ. ಕಟ್ಟಿದ ಕತೆಯಾಗಿದ್ದರೆ ಇನ್ನಷ್ಟು ನಂಬುವ ಹಾಗೆ ಕಟ್ಟಬಹುದಿತ್ತು.

ಎಲ್ಲ ರಾಮಾಯಣಕ್ಕೂ ಕಾರಣವಾದದ್ದು ಒಂದು ನೀಲಿ ಗೆರೆ. ಗಾರೆಯ ಮಿದುಳಿನ ಮೇಲೆ, ಮುಂದಲೆಯಿಂದ ಹಿಂದಕ್ಕೆ, ಕಿರುಬೆರಳಿನ ದಪ್ಪಕ್ಕೆ ಹರಿದಿದ್ದ ಒಂದೇ ಒಂದು ರಕ್ತನಾಳ. ಅದನ್ನು ಹರಿಸಿದವನು ಗಾರೆಯಣ್ಣ. ವೈದ್ಯಕೀಯ ಕಾಲೇಜಿನ ಅನಾಟಮಿ ವಿಭಾಗದಲ್ಲಿ ಗಾರೆಯಿಂದ ಕಿವಿ, ಮೂತ್ರಪಿಂಡ, ಹೃದಯ, ಮಿದುಳುಗಳನ್ನು ಮಾಡಿ ಬಣ್ಣ ಹಚ್ಚುವುದು ಅವನ ಕೆಲಸ. ಇಪ್ಪತ್ತಮೂರು ವರ್ಷದಲ್ಲಿ ಆರುನೂರು ಹೃದಯ ಕೊಟ್ಟವನಿಗೆ ಮನೆಯಲ್ಲಿ ಮಾತ್ರ ‘ಹೃದಯ ಇಲ್ಲದವರು’ ಎಂದೇ ಬಿರುದು.

ಎರಡು ತಿಂಗಳ ಹಿಂದೆ ಅವನ ಬಲಗೈಯಿಂದ ಕುಂಚ ಜಾರಿತು. ಮರುದಿನ ಚಮಚ ಜಾರಿತು. ಮೂರನೆಯ ದಿನ ಹಲ್ಲುಜ್ಜಲು ಹೋದ ಬ್ರಷ್ಷು ಕಣ್ಣುಜ್ಜಿ ಬಂತು. ತಪಾಸಣೆ ಮಾಡಿಸಿದರೆ ಎಡಮಿದುಳಿನ ಮೇಲೆ ಗೋಲಿ ಗಾತ್ರದ ಒಂದು ಗಡ್ಡೆ.

“ಗಡ್ಡೆ ತೆಗೆಯೋದು ದೊಡ್ಡದಲ್ಲ ಕಣಯ್ಯ,” ಎಂದಿದ್ದರು ಮಿದುಳಿನ ಸರ್ಜನ್. “ಅದರ ಪಕ್ಕದಲ್ಲಿರೋ ರಕ್ತನಾಳಗಳೇ ತಲೆನೋವು.”

“ತಲೆನೋವು ನನಗಿರೋದು ಡಾಕ್ಟ್ರೇ.”

“ಕೇಳಿಸ್ಕೋ. ಮಿದುಳಿನ ಮೇಲಿನ ನಾಳ ಒಬ್ಬರಿಗಿದ್ದಂತೆ ಇನ್ನೊಬ್ಬರಿಗಿರಲ್ಲ. ಒಬ್ಬರಿಗೆ ಮೂರು, ಒಬ್ಬರಿಗೆ ಎರಡು, ಇನ್ನೊಬ್ಬರಿಗೆ ಒಂದೇ. ಒಂದೇ ತಲೇಲಿ ಎಡಕ್ಕೊಂದು ಥರ, ಬಲಕ್ಕೊಂದು ಥರ. ಮೂರು ದಾರಿ ಇರೋ ಊರಲ್ಲಿ ಒಂದು ಮುಚ್ಚಿದ್ರೆ ಜನ ಸುತ್ತಿ ಬಳಸಿ ಹೋಗ್ತಾರೆ. ಇರೋದೇ ಒಂದು ದಾರಿ, ಅದನ್ನೇ ನಾನು ಕತ್ತರಿಸಿದೆ ಅಂದ್ಕೋ. ರಕ್ತ ಆಚೆ ಹೋಗಕ್ಕಾಗದೆ ಮಿದುಳು ಊದಿಕೊಳ್ಳತ್ತೆ. ನಿನ್ನ ಬಲಗೈ ಹೋಯ್ತು. ಜೊತೆಗೆ ಮಾತೂ ಹೋಗಬಹುದು.”

ಈ ಸರ್ಜನ್ನರದ್ದು ಒಂದು ವಿಚಿತ್ರ ಅಭ್ಯಾಸ. ಸ್ಕ್ಯಾನ್ ಫಿಲಂ ಕಣ್ಣಿಗೆ ಸಾಕು, ಬೆರಳಿಗೆ ಸಾಲದು ಎನ್ನುತ್ತಿದ್ದರು. ರೋಗಿಯ ಮಿದುಳಿನ ಮಾಡೆಲ್ ಆಪರೇಷನ್ನಿನ ಹಿಂದಿನ ದಿನ ನಾಲ್ಕು ಗಂಟೆಗೆ ಅವರ ಕೈಯಲ್ಲಿರಬೇಕು. ಕಣ್ಣು ಮುಚ್ಚಿಕೊಂಡು ಸವರಿ ಸವರಿ ನಾಳಗಳ ದಾರಿಯನ್ನು ಬೆರಳಿಗೆ ಬಾಯಿಪಾಠ ಮಾಡಿಸಬೇಕು. ಮಾಡೆಲ್ ಇಲ್ಲ ಎಂದರೆ ಆಪರೇಷನ್ ಇಲ್ಲ.

“ಮಾಡೆಲ್ ಮಾಡೋನೇ ನೀನಲ್ವಾ? ನಿನ್ನದನ್ನ ನೀನೇ ಮಾಡ್ಕೊಂಡು ಬಾ,” ಎಂದು ಕಳಿಸಿದ್ದರು.

ಕಾಲೇಜಿನವರಿಗೆ ಸ್ಕ್ಯಾನ್ ಬಿಟ್ಟಿ. ಯಾರಿಗೇನು ಕಾಯಿಲೆಯೆಂಬ ಗುಟ್ಟು ರಟ್ಟಾಗಬಾರದೆಂದು ಲಕೋಟೆಯ ಮೇಲೆ ಹೆಸರು ಬರೆಯದೆ ವಿಭಾಗದ ಹೆಸರಷ್ಟೇ ಬರೆದು ಕಳಿಸುವ ಪದ್ಧತಿ. ‘ಅನಾಟಮಿ ಸಿಬ್ಬಂದಿ’ ಎಂಬ ಲಕೋಟೆ ಬಂದ ಕೂಡಲೇ ಗಾರೆಯಣ್ಣ ಅದನ್ನು ಅಂಗಿಯೊಳಗೆ ಸೇರಿಸಿಬಿಟ್ಟಿದ್ದ. ಕೈ ನಡುಗುವ ಮಾಡೆಲ್‌ಗಾರನನ್ನು ಯಾವ ಕಾಲೇಜು ಇಟ್ಟುಕೊಳ್ಳುತ್ತದೆ? ವಿಷಯ ಗೊತ್ತಿದ್ದದ್ದು ಹೆಂಡತಿಗೊಬ್ಬಳಿಗೇ.

ನಾಳೆ ಬೆಳಗ್ಗೆ ಏಳಕ್ಕೆ ಆಪರೇಷನ್. ಇವತ್ತು ಹೊರಡುವಾಗ ಹೆಂಡತಿ ಬಾಗಿಲಲ್ಲಿ ನಿಂತು, “ಊರಿನವರಿಗೆಲ್ಲ ಮಿದುಳು ಮಾಡಿಕೊಟ್ರಿ. ಇವತ್ತೊಂದಿನ ನಿಮ್ಮದನ್ನ ನೆಟ್ಟಗೆ ಮಾಡ್ಕೊಂಡು ಬನ್ನಿ,” ಎಂದು ಗದರಿ, ಮುಖ ಕಾಣಿಸದ ಹಾಗೆ ಒಳಗೆ ಹೋಗಿಬಿಟ್ಟಳು.

ಹತ್ತು ಗಂಟೆಗೆ ಕೊನೆಯ ನೀಲಿ ಬಳಿದು, ಮಿದುಳನ್ನು ಫ್ಯಾನಿನ ಕೆಳಗಿಟ್ಟು, ತನ್ನ ತಲೆಯನ್ನು ತಾನೇ ನೋಡುತ್ತ ಕುಳಿತಿದ್ದ. ಮೂರು ನಾಳ ಇರಬೇಕಾದಲ್ಲಿ ಒಂದೇ. ಬದುಕಿನಲ್ಲಿ ಎಲ್ಲದರಲ್ಲೂ ಒಂದೇ ದಾರಿ ಕಂಡವನಿಗೆ ತಲೆಯೊಳಗೂ ಅದೇ ಗತಿಯಾಯಿತಲ್ಲ ಎಂದುಕೊಂಡ.

“ಯಾರ ತಲೆ ಅಣ್ಣ ಇದು? ಹೆಬ್ಬಾವು ಹತ್ತಿ ಮಲಗಿದೆ,” ಎನ್ನುತ್ತ ಬಂದವನು ಸ್ಟೋರಿನ ಗುಮಾಸ್ತ. ಕಂಡವರ ದನಿಯನ್ನೆಲ್ಲ ಕದ್ದು ಆಡಿ ತೋರಿಸುತ್ತಿದ್ದುದರಿಂದ ಅವನಿಗೆ ಗಿಳಿ ಎಂದೇ ಹೆಸರು.

“ಯಾರದ್ದೂ ಅಲ್ಲ.”

“ಯಾರದ್ದೂ ಅಲ್ಲದ ತಲೆಗೆ ಇಷ್ಟು ಉಪಚಾರಾನಾ? ಬೇರೆ ಮಿದುಳಿಗೆ ಎರಡು ಸಲ ಬ್ರಷ್ ಎಳೆದು ಎತ್ತಿಡ್ತಿದ್ರಿ!” ಗಿಳಿ ಸಂದೇಹದಿಂದ ತಲೆಯಾಡಿಸುತ್ತ ಹೋದ.

ಐದು ನಿಮಿಷದಲ್ಲಿ ಗೋಡೆಯ ಫೋನು ಬಡಿದುಕೊಂಡಿತು. ವಿಭಾಗದ ಮುಖ್ಯಸ್ಥರ ಮೂಗಿನ ದನಿ: “ಗಾರೇ... ಆ ಹೊಸ ಮಿದುಳು ತಗೊಂಡು ಕ್ಲಾಸಿಗೆ ಬಾ. ಈಗ ಅಂದ್ರೆ ಈಗ, ಈಗಲೇ, ಈಗ.”

ಗಾರೆಯಣ್ಣ ತಲೆಯನ್ನು ಎದೆಗವಚಿಕೊಂಡು ಮೂರು ಮಹಡಿ ಹತ್ತಿದ. ಎಂಬತ್ತು ವಿದ್ಯಾರ್ಥಿಗಳ ಮುಂದೆ ಮುಖ್ಯಸ್ಥರು ಪಾದದ ಪಾಠ ಮಾಡುತ್ತಿದ್ದರು.

“ಪಾದ ಹೇಳ್ತಿರೋವಾಗ ತಲೆ ತಂದೆಯಲ್ಲಯ್ಯ! ಯಾರು ಕರೆದ್ರು ನಿನ್ನ?”

ಕ್ಲಾಸು ಗೊಳ್ಳೆಂದಿತು. ಹಿಂದಿನ ಬಾಗಿಲ ಸಂದಿಯಲ್ಲಿ ಗಿಳಿ ಬಾಯಿಗೆ ಕರವಸ್ತ್ರ ತುರುಕಿಕೊಂಡು ನಿಂತಿದ್ದ. ಗಾರೆಯಣ್ಣ ಬಂದ ದಾರಿಗೆ ಸುಂಕವಿಲ್ಲದವನ ಹಾಗೆ ಹೊರಳಿದ. ಆದರೆ ಮುಖ್ಯಸ್ಥರ ಕಣ್ಣು ಅಷ್ಟರಲ್ಲಿ ಆ ನೀಲಿ ನಾಳದ ಮೇಲೆ ಬಿದ್ದಿತ್ತು. ಪುಸ್ತಕದಲ್ಲಿಲ್ಲದ್ದು ಲೋಕದಲ್ಲಿಲ್ಲ ಎಂದು ನಂಬಿದವರು ಅವರು.

“ತಾ ಇಲ್ಲಿ. ಇದೇನಿದು? ನಾಳ ಮೂರಿರಬೇಕು. ಮೂರು. ಮೇಲಕ್ಕೊಂದು, ಕೆಳಕ್ಕೊಂದು, ನಡುವೆ ಒಂದು. ನೀನೇನು ಒಂದೇ ಕೊಳವೆ ಎಳೆದಿದ್ದೀಯ, ಚರಂಡಿ ಥರ?”

“ಕೆಲವರಿಗೆ ಹಾಗೂ ಇರತ್ತಂತೆ ಸಾರ್...”

“ಯಾರಿಗೆ? ಇಂಥದ್ದನ್ನ ಹೊತ್ಕೊಂಡು ಯಾವನು ಓಡಾಡ್ತಾನೆ? ನೋಡಿ ಮಕ್ಕಳೇ, ಈ ಮಿದುಳಿನ ಯಜಮಾನ ಎದುರಿಗೆ ಬಂದ್ರೆ ಗುರುತು ಹಿಡಿಯೋದು ಸುಲಭ. ಹೇಳಿದ್ದನ್ನೇ ಹೇಳ್ತಾನೆ. ಹೇಳಿದ್ದನ್ನೇ ಹೇಳ್ತಾನೆ. ಒಟ್ಟಿನಲ್ಲಿ ಹೇಳಿದ್ದನ್ನೇ ಹೇಳ್ತಾನೆ. ತಿಂದ ಊಟ ನೆನಪಿರಲ್ಲ. ಪಾಪದ ಪ್ರಾಣಿ! ಎಲ್ಲಿ, ನನ್ನ ಕನ್ನಡಕ ಎಲ್ಲಿ?”

ಕನ್ನಡಕ ಅವರ ಹಣೆಯ ಮೇಲೇ ಇತ್ತು. ಕ್ಲಾಸು ಈಗ ಯಾರನ್ನು ನೋಡಿ ನಗುತ್ತಿದೆ ಎಂದು ತಿಳಿಯುವ ಸ್ಥಿತಿಯಲ್ಲಿ ಗಾರೆಯಣ್ಣ ಇರಲಿಲ್ಲ. ತನ್ನ ತಲೆಯನ್ನು ಇನ್ನೊಬ್ಬರ ಕೈಯಲ್ಲಿ ಕೊಟ್ಟು, ಎಂಬತ್ತು ಜನರೆದುರು ಬೈಸಿಕೊಂಡು, “ಹೌದು ಸಾರ್” ಎಂದು ಅದೇ ತಲೆಯನ್ನು ಆಡಿಸಿದ.

“ಎರಡು ಗಂಟೆಗೆ ಪರೀಕ್ಷೆ. ಅಷ್ಟರಲ್ಲಿ ಇದು ಪುಸ್ತಕದ ಹಾಗಾಗಿ ಮೇಜಿನ ಮೇಲಿರಬೇಕು.”

“ನಾನು ನೋಡ್ಕೋತೀನಿ ಸಾರ್!” ಎಂದು ಮೊದಲ ಸಾಲಿನಿಂದ ಎದ್ದು ಬಂದವಳು ಹೊಸ ಟ್ಯೂಟರಮ್ಮ. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಸಹಾಯ ಮಾಡುವ ಹುಮ್ಮಸ್ಸು ಇನ್ನೂ ಇಳಿದಿರಲಿಲ್ಲ.

ಗಾರೆಯಣ್ಣನಿಗೆ ತಲೆ ಸಿಡಿಯತೊಡಗಿತು. ಮಾಡೆಲ್ ಕೋಣೆಗೆ ಬಂದು, ಗೋಡೆಗೊರಗಿ, ಹತ್ತು ನಿಮಿಷ ಕಣ್ಣುಮುಚ್ಚಿದ. ಹತ್ತು ನಿಮಿಷವೆಂದುಕೊಂಡದ್ದು ಒಂದು ಗಂಟೆಯಾಗಿತ್ತು. ಕಣ್ಣು ಬಿಟ್ಟರೆ ಟ್ಯೂಟರಮ್ಮ ಉಗುರು ಉಜ್ಜುವ ಅರದಿಂದ ಆ ದಪ್ಪ ನಾಳವನ್ನು ನುಣ್ಣಗೆ ಕೆರೆದು ತೆಗೆದು, ಮೂರು ಚೆಲುವಾದ ನೀಲಿ ನಾಳಗಳನ್ನು ಎಳೆದು ಮುಗಿಸಿದ್ದಳು. ಪಕ್ಕದಲ್ಲಿ ಪುಸ್ತಕ ತೆರೆದಿತ್ತು.

“ಥ್ಯಾಂಕ್ಸ್ ಎಲ್ಲ ಬೇಡ ಅಣ್ಣ,” ಎಂದಳು. “ನಿಮಗೆ ಸುಸ್ತಾಗಿತ್ತಲ್ಲ, ಎಬ್ಬಿಸಲಿಲ್ಲ. ಈಗ ನೋಡಿ, ಮನುಷ್ಯರ ಮಿದುಳಿದ್ದ ಹಾಗಿದೆ.”

ನಿಜ ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಕೈ ಹೋಗುತ್ತದೆ. ಗಾರೆಯಣ್ಣ ಎರಡನ್ನೂ ಮಾಡದೆ ಪರೀಕ್ಷಾ ಕೋಣೆಯ ಹೊರಗೆ ಕುಳಿತ. ಒಳಗೆ ಎಂಬತ್ತು ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬಂದು ಅವನ ಮಿದುಳಿಗೆ ಗುಂಡುಸೂಜಿ ಚುಚ್ಚಿ, ಅದರ ತುದಿಗೆ ಉತ್ತರದ ಚೀಟಿ ಕಟ್ಟಿ ಹೋದರು. ಮೂರೂಕಾಲಿಗೆ ಅದು ಕೈಗೆ ಬಂದಾಗ ಮುಳ್ಳುಹಂದಿಯೊಂದು ಉಂಡೆಯಾಗಿ ಮುದುಡಿದಂತಿತ್ತು.

ಇನ್ನು ಮುಕ್ಕಾಲು ಗಂಟೆ. ಬಾಗಿಲು ಹಾಕಿಕೊಂಡು ಸೂಜಿ ಕಿತ್ತ. ಟ್ಯೂಟರಮ್ಮನ ಮೂರು ನಾಳಗಳನ್ನೂ ಕೆರೆದು ಬಿಸಾಡಿದ. ಬಲಗೈ ಗಾಳಿಗೆ ಸಿಕ್ಕ ಎಲೆಯಂತೆ ಅಲುಗುತ್ತಿತ್ತು. ಎಡಗೈಯಿಂದ ಅದರ ಮಣಿಕಟ್ಟು ಹಿಡಿದು, ಹಠಮಾರಿ ಮಗುವನ್ನು ಶಾಲೆಗೆ ಎಳೆದೊಯ್ಯುವಂತೆ ಎಳೆದು, ಫಿಲಂ ನೋಡಿಕೊಂಡು ಗಾರೆಯ ಎಳೆ ಕೂರಿಸಿದ. ಅಂಗುಲ ಅಂಗುಲವಾಗಿ ಆ ಒಂದೇ ನಾಳ ಮತ್ತೆ ಮೈದಳೆಯಿತು. ನೀಲಿ ಹಚ್ಚಬೇಕು ಅನ್ನುವಷ್ಟರಲ್ಲಿ ಫೋನು.

“ಗಾರೇ... ಆ ಮಿದುಳು ಎಲ್ಲಯ್ಯ? ಎಲ್ಲಿ?”

ಬೆಳಗ್ಗೆಯಿಂದ ಕಟ್ಟಿಕೊಂಡಿದ್ದದ್ದೆಲ್ಲ ಒಡೆಯಿತು. “ಲೇ ಗಿಳಿ! ಮೊದಲು ನಿನ್ನ ತಲೇಲಿ ಮಿದುಳು ಇದೆಯಾ ನೋಡ್ಕೊಳ್ಳೋ! ಇದ್ರೆ ಅದರ ಫಿಲಂ ಕೊಡು, ಮಾಡೆಲ್ ಮಾಡ್ತೀನಿ. ನಿನ್ನ ಆ ಪುಸ್ತಕದ ಹುಳಕ್ಕೂ ಹೇಳು, ಅವರ ತಲೇದೂ ಒಂದು ಫಿಲಂ ತೆಗೆಸಿಕೊಂಡು ಬರಲಿ!”

“ಅಣ್ಣ, ಟೀ,” ಎಂದು ಬಾಗಿಲು ನೂಕಿ ಒಳಗೆ ಬಂದವನು ಗಿಳಿ.

ಗಿಳಿ ಇಲ್ಲಿ. ಹಾಗಾದರೆ ಫೋನಿನಲ್ಲಿ? ಫೋನು ಮೆಲ್ಲಗೆ ಕಟ್ಟಾಯಿತು.

ಮುಖ್ಯಸ್ಥರು ಬಂದರು. ಬೆನ್ನಿಗೆ ಟ್ಯೂಟರಮ್ಮ. ಕೂಗಾಡುತ್ತಾರೆಂದು ಗಾರೆಯಣ್ಣ ಕಣ್ಣು ಮುಚ್ಚಿದ. ಆದರೆ ಅವರ ಮುಖ ಸುಣ್ಣದ ಗೋಡೆಯಾಗಿತ್ತು. ಪಿಸುದನಿಯಲ್ಲಿ ಕೇಳಿದರು: “ಫಿಲಂ ವಿಷಯ... ನಿನಗೆ ಯಾರು ಹೇಳಿದ್ರು?”

ಮುಗಿಯಿತು, ತನ್ನ ಗುಟ್ಟು ಗೊತ್ತಾಗಿದೆ ಎಂದುಕೊಂಡ ಗಾರೆಯಣ್ಣ. “ಯಾರು ಹೇಳೋದೇನು ಸಾರ್, ಫಿಲಂ ನಂದೇ. ಈ ಮಿದುಳೂ ನಂದೇ. ನಾಳೆ ಬೆಳಗ್ಗೆ ಆಪರೇಷನ್. ನಾಲ್ಕು ಗಂಟೆಗೆ ಇದು ಸರ್ಜನ್ ಕೈಗೆ ಹೋಗಬೇಕು. ಇಲ್ಲಾಂದ್ರೆ ನನ್ನ ಕೈ ಹೋಗತ್ತೆ.”

ಟ್ಯೂಟರಮ್ಮ ಬಿಕ್ಕಿದಳು: “ಅಯ್ಯೋ ಅಣ್ಣ! ನಿಮ್ಮ ನಾಳ ನಾನು ಉಗುರಿನ ಅರದಲ್ಲಿ ಕೆರೆದುಬಿಟ್ಟೆನಲ್ಲ!” ಗಿಳಿ ಕ್ಷಮೆ ಕೇಳಿದ; ಮೊದಲ ಸಲ ತನ್ನ ಸ್ವಂತ ದನಿಯಲ್ಲಿ ಮಾತಾಡಿದ್ದರಿಂದ ಮಾತಾಡಿದ್ದು ಯಾರೆಂದು ಎಲ್ಲರೂ ತಿರುಗಿ ನೋಡಿದರು. ಮುಖ್ಯಸ್ಥರು ಉಸಿರು ಬಿಟ್ಟು, ಅವನ ಹೆಗಲ ಮೇಲೆ ಕೈಯಿಟ್ಟರು. “ಓ, ನಿಂದಾ? ನಿಂದೇನಾ? ಹೋಗು, ಹೋಗು, ತಡ ಮಾಡಬೇಡ. ಆದ್ರೂ... ಮೂರಿರಬೇಕಿತ್ತು.”

ನಾಲ್ಕಕ್ಕೆ ಸರಿಯಾಗಿ, ಇನ್ನೂ ಹಸಿಯಾಗಿದ್ದ ನೀಲಿಯೊಂದಿಗೆ, ಗಾರೆಯಣ್ಣ ರಸ್ತೆಯಾಚೆಯ ಆಸ್ಪತ್ರೆ ಮುಟ್ಟಿದ. ಸರ್ಜನ್ ಕಣ್ಣು ಮುಚ್ಚಿ, ಹತ್ತೂ ಬೆರಳಿಂದ ಮಿದುಳನ್ನು ಸವರಿದರು.

“ಆಹಾ! ಎಂಥ ಕೆಲಸ ಕಣಯ್ಯ! ಎಂಥ ನಾಳ! ಇದನ್ನ ನೋಡದೆ ಚಾಕು ಹಾಕಿದ್ರೆ ಮನುಷ್ಯ ಮುಗಿದ ಹಾಗೇ.” ಕಣ್ಣು ತೆರೆದು ಗೋಡೆಯ ದೀಪದ ಹಲಗೆಗೆ ತಮ್ಮ ಬಳಿಯಿದ್ದ ಫಿಲಂ ಸಿಕ್ಕಿಸಿದರು. ಮಿದುಳನ್ನು ನೋಡಿದರು. ಫಿಲಂ ನೋಡಿದರು. ಗಾರೆಯಣ್ಣನನ್ನು ನೋಡಿದರು.

“ಇದು ನಿಂದಲ್ಲ.”

“ಡಾಕ್ಟ್ರೇ?”

“ನಿಂದು ಇಲ್ಲಿದೆ ನೋಡು. ಮೇಲಕ್ಕೊಂದು, ಕೆಳಕ್ಕೊಂದು, ನಡುವೆ ಒಂದು. ಅಳತೆ ಕೊಟ್ಟು ಹೊಲಿಸಿದ ಹಾಗೆ ಮೂರು. ಅಪ್ಪಟ ಪುಸ್ತಕದ ತಲೆ ಕಣಯ್ಯ ನಿಂದು! ಇಂಥದ್ದು ಸಿಗೋದೇ ಅಪರೂಪ.”

ಗಾರೆಯಣ್ಣನ ಕಾಲ ಕೆಳಗಿನ ನೆಲ ನಿಧಾನವಾಗಿ ಹಸಿ ಗಾರೆಯಾಯಿತು. ಟ್ಯೂಟರಮ್ಮ ಪುಸ್ತಕ ನೋಡಿ ಎಳೆದದ್ದೇ ಅವನ ತಲೆ. ತಾನು ಕೈಯಾರೆ ಕೆರೆದು ಕಸದ ಬುಟ್ಟಿಗೆ ಹಾಕಿದ್ದೂ ಅದನ್ನೇ.

“ಹಾಗಾದ್ರೆ ಇದು ಯಾರದ್ದು?”

“ಅದನ್ನ ಹೇಳೋ ಹಾಗಿಲ್ಲಯ್ಯ. ಅದೇ ದಿನ ನಿಮ್ಮ ವಿಭಾಗದವರೊಬ್ಬರ ಸ್ಕ್ಯಾನೂ ಆಗಿತ್ತು, ಅವರಿಗೂ ಗಡ್ಡೆ. ಅವರ ಲಕೋಟೆ ಎಲ್ಲೋ ಕಳೆದುಹೋಯ್ತಂತೆ; ಅದನ್ನೇ ನಿಂದು ಅಂತ ನೀನು ಎತ್ಕೊಂಡಿದ್ದೀಯ. ಮಾಡೆಲ್ ಮಾಡಿಸಿ ತನ್ನಿ ಅಂದ್ರೆ, ‘ಪುಸ್ತಕದಲ್ಲಿರೋ ಹಾಗೇ ಇರತ್ತೆ, ಅದರಲ್ಲಿ ನೋಡೋದೇನಿದೆ’ ಅಂತ ಎರಡು ತಿಂಗಳಿಂದ ಮುಂದೂಡ್ತಿದ್ದಾರೆ. ಅವರೂ ಈಗ ಬರಬೇಕು...”

ಬಾಗಿಲು ತೆರೆಯಿತು. ಮುಖ್ಯಸ್ಥರು ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು, ಕಳ್ಳನ ಹಾಗೆ ಒಳಗೆ ಕಾಲಿಟ್ಟರು. ಗಾರೆಯಣ್ಣನನ್ನು ಕಂಡು ನಿಂತರು. ಸರ್ಜನ್ನರ ಕೈಯಲ್ಲಿದ್ದದ್ದನ್ನು ಕಂಡು ಮುಖ ಸಿಂಡರಿಸಿದರು. ಸರ್ಜನ್ ಎದ್ದು ಹೋಗಿ, ಆ ಮಿದುಳನ್ನು ಅವರ ಎರಡೂ ಕೈಯಲ್ಲಿ, ಬಹುಮಾನ ಕೊಡುವ ಹಾಗೆ, ಇಟ್ಟರು.

ಮುಖ್ಯಸ್ಥರು ಅದನ್ನು ನೋಡಿದರು. ತಿರುಗಿಸಿ ತಿರುಗಿಸಿ ನೋಡಿದರು.

“ಒಂದೇನಾ?” ಎಂದರು ಕೊನೆಗೆ, ಅಂಗಡಿಯಲ್ಲಿ ಚೌಕಾಸಿ ಮಾಡುವವರ ದನಿಯಲ್ಲಿ. “ಇನ್ನೆರಡು... ಎಲ್ಲಾದ್ರೂ... ಸಣ್ಣದಾಗಿ...?”

“ಒಂದೇ,” ಎಂದರು ಸರ್ಜನ್. “ಆದ್ರೆ ಈಗ ನನ್ನ ಬೆರಳಿಗೆ ದಾರಿ ಗೊತ್ತಾಯ್ತು. ನಾಳೆ ಏಳು ಗಂಟೆ ಟೇಬಲ್ ನಿಮಗೆ. ಮಾಡೆಲ್ ಇರೋದು ನಿಮ್ಮದು ತಾನೆ?” ಮತ್ತೆ ಗಾರೆಯಣ್ಣನ ಕಡೆ ತಿರುಗಿ, “ನಿನ್ನದನ್ನ ಮಾಡ್ಕೊಂಡು ಬಾ. ಮುಂದಿನ ಜಾಗ ಮೂರು ವಾರಕ್ಕೆ.”

“ಮೂರು ವಾರಕ್ಕೆ ಈ ಕೈ ಕುಂಚ ಹಿಡಿಯತ್ತಾ ಡಾಕ್ಟ್ರೇ?”

“ಹೇಳಕ್ಕಾಗಲ್ಲ. ಅದಕ್ಕೇ ಬೇಗ ಮಾಡು.”

ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ಬಹುಶಃ ಬಾಗಿಲ ಬಳಿಯಿದ್ದ ನರ್ಸಮ್ಮ. ಆಮೇಲೆ ಸರ್ಜನ್. ಆಮೇಲೆ, ಅಳುವುದಕ್ಕೆ ಬೇರೆ ದಾರಿ ಕಾಣದೆ, ತಮ್ಮ ತಲೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದ ಮುಖ್ಯಸ್ಥರು. ಆದರೆ ಎಲ್ಲರಿಗಿಂತ ಜೋರಾಗಿ, ಮೇಜು ಹಿಡಿದು, ಬಗ್ಗಿ, ಉಸಿರು ಕಟ್ಟುವ ಹಾಗೆ ನಕ್ಕವನು ಗಾರೆಯಣ್ಣ. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಬಲಗೈ ಎತ್ತಿದ. ಕೈ ಮೂಗಿನವರೆಗೆ ಬಂದು, ಅಲ್ಲಿ ದಾರಿ ತಪ್ಪಿ, ಕಿವಿಗೆ ಹೋಯಿತು.