ಅಂಚೆಯಲ್ಲಿ ಪ್ರಬಂಧ ಕಲಿಸಿದ ಮೂವರು ಪಂಡಿತರು

ಮೂವರು ಸೇರಿ ಸಂಶೋಧನೆ ಮಾಡಿದರು ಎಂದರೆ ಒಬ್ಬ ಬರೆದ, ಉಳಿದಿಬ್ಬರು ಚಹಾ ಕುಡಿದು ಹೆಸರು ಹಾಕಿಸಿಕೊಂಡರು ಎಂದೇ ನಾನು ಅರ್ಥ ಮಾಡಿಕೊಳ್ಳುತ್ತೇನೆ. ಇದನ್ನು ಹೊಟ್ಟೆಕಿಚ್ಚು ಎನ್ನುವವರು ಎನ್ನಲಿ, ಹೊಟ್ಟೆಕಿಚ್ಚೇ. ಆಗ ನಾನು ಸಿರುಗುಪ್ಪದಲ್ಲಿ ಕನ್ನಡ ಮೇಷ್ಟ್ರು. ಹೆಂಡತಿ ಮಕ್ಕಳು ಬಳ್ಳಾರಿಯ ಗಾಂಧಿನಗರದಲ್ಲಿ. ನಾನೋ ಬಾಡಿಗೆ ಕೋಣೆಯಲ್ಲಿ ತಳ ಹಿಡಿದ ಅನ್ನವನ್ನು ಕೆರೆದು ತಿನ್ನುತ್ತ ವರ್ಗಾವಣೆಗೆ ಬಾಯಿಬಿಡುತ್ತಿದ್ದೆ. ಅಷ್ಟರಲ್ಲಿ ಇಲಾಖೆಗೆ ಜ್ಞಾನೋದಯವಾಯಿತು. ಶಾಲೆಗೆ ಬರಲಾಗದವರಿಗೆ ಅಂಚೆ, ಟೇಪು, ಚಿತ್ರಗಳ ಮೂಲಕ ಪ್ರಬಂಧ ಬರೆಯಲು ಕಲಿಸುವುದು ಹೇಗೆಂದು ಮೇಷ್ಟ್ರುಗಳು ಜೊತೆಗೂಡಿ ಸಂಶೋಧಿಸಬೇಕಂತೆ. ಚೆನ್ನಾಗಿ ಮಾಡಿದವರಿಗೆ ಬಳ್ಳಾರಿಯ ತರಬೇತಿ ಕೇಂದ್ರದಲ್ಲಿ ಕೆಲಸವಂತೆ. ನಾನು ಬಿಟ್ಟೇನೆ?

ಬರವಣಿಗೆ ನನ್ನದು. ದನಿ ಕುರುಗೋಡಿನ ವೀರಭದ್ರಪ್ಪ ಮೇಷ್ಟ್ರದು. ಟೇಪ್ ರೆಕಾರ್ಡರ್ ಇದ್ದವರನ್ನು ಊರೇ ನಿಂತು ಮಾತಾಡಿಸುತ್ತಿದ್ದ ಕಾಲದಲ್ಲಿ ಅವರ ಬಳಿ ಒಂದಿತ್ತು. ಅದೊಂದೇ ಅರ್ಹತೆ. ಚಿತ್ರ ಕೌಲ್ ಬಜಾರಿನ ಡ್ರಾಯಿಂಗ್ ಮೇಷ್ಟ್ರು ಖಾದರ್ ಅವರದು. ಪ್ರತಿ ಭಾನುವಾರ ಬಳ್ಳಾರಿಯಲ್ಲಿ ಸಭೆ. ನಾನು ಬರೆದದ್ದಕ್ಕೆ ಒಬ್ಬರು ಅಲ್ಪವಿರಾಮ ಹಾಕಿಸುವರು, ಇನ್ನೊಬ್ಬರು ಅದನ್ನು ತೆಗೆಸುವರು. ಇದಕ್ಕೆ ಸಹಯೋಗ ಎಂದು ಹೆಸರು. "ವಾರಕ್ಕೊಮ್ಮಿ ಮನಿಗೆ ಬರ್ತೀರಿ, ಬಂದ ದಿನಾನೂ ಆ ಟೇಪಿನ ಮುಂದ ಕುಂದ್ರಾಕ ಹೋಗ್ತೀರಿ" ಎಂದು ಹೆಂಡತಿ ಸಿಡುಕುತ್ತಿದ್ದಳು. ಅವಳ ಸಲುವಾಗಿಯೇ ಈ ಪಾಡು ಎಂದರೆ ಕೇಳಬೇಕಲ್ಲ!

ಕೊನೆಗೆ ಧ್ವನಿಮುದ್ರಣ. ಟೇಪಿನಲ್ಲಿ ಗಂಟೆ ಬಾರಿಸಿದಾಗಲೆಲ್ಲ ಖಾದರ್ ಚಿತ್ರ ಬದಲಿಸಬೇಕು ಎಂದು ಏರ್ಪಾಡು. ಹೊಸ ಸೆಲ್ ತರೋಣವೆಂದರೆ ವೀರಭದ್ರಪ್ಪ, "ಯಾಕ್ರಿ ಸುಮ್ನ? ಟಾರ್ಚಿನವು ಅದಾವಲ್ಲ, ಇನ್ನೂ ಜೀವ ಐತಿ" ಎಂದರು. ಆ ಜೀವ ಕೊನೆಯುಸಿರೆಳೆಯುತ್ತಿತ್ತು, ಟೇಪು ತೆವಳುತ್ತಿತ್ತು. ನಮಗೆ ತಿಳಿಯಲಿಲ್ಲ. ಪ್ರದರ್ಶನದ ದಿನ ಇಲಾಖೆಯ ಸಾಹೇಬರು ನೋಡಲು ಬರುತ್ತಾರೆಂಬ ಮರ್ಯಾದೆಗೆ ವೀರಭದ್ರಪ್ಪನವರೇ ಹೊಸ ಸೆಲ್ ಹಾಕಿದರು. ತೆವಳುತ್ತ ತುಂಬಿಸಿದ್ದು ಈಗ ಓಡತೊಡಗಿತು. "ಅವಸರ ಬೇಡ, ನಿಧಾನವಾಗಿ ಆಲೋಚಿಸಿ ಬರೆಯಿರಿ" ಎಂದು ವೀರಭದ್ರಪ್ಪನವರ ಗಂಭೀರ ಕಂಠ ನಾಯಿ ಅಟ್ಟಿಸಿಕೊಂಡು ಬಂದ ಕೋಳಿಯಂತೆ ಕಿರುಚಿತು. ಗಂಟೆಯ ಮೇಲೆ ಗಂಟೆ. ಖಾದರ್ ಒಂದು ಚಿತ್ರ ಎತ್ತುವಷ್ಟರಲ್ಲಿ ಇನ್ನೊಂದು ಗಂಟೆ. "ತಡಿಯಪ್ಪಾ, ನನಗೂ ಎರಡೇ ಕೈ ಅದಾವ!" ಎಂದು ಅವರು ಟೇಪಿಗೇ ಕೈಮುಗಿದರು. ನನ್ನ ವರ್ಗಾವಣೆಯ ಕಥೆ ಮುಗಿಯಿತೆಂದು ನಾನು ತಲೆಯ ಮೇಲೆ ಕೈ ಹೊತ್ತೆ.

ಸಾಹೇಬರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ವೀರಭದ್ರಪ್ಪ, ಖಾದರ್ ಅವರತ್ತ ಕೈ ತೋರಿಸಿ, "ಈ ಇಬ್ಬರಿಗೂ ತರಬೇತಿ ಭಾಳ ಬೇಕಾಗೈತಿ, ಕೇಂದ್ರಕ್ಕ ಹಾಕ್ರಿ" ಎಂದರು. ನಾನು ಎದ್ದು ನಿಂತೆ. ಸಾಹೇಬರು ನನ್ನತ್ತ ತಿರುಗಿ, "ನಿಮ್ಮ ಬರಹ ಮಾತ್ರ ಬಂಗಾರ ರೀ. ಮೇಷ್ಟ್ರು ಎಲ್ಲಿದ್ರೂ ಕಲಿಸಾಕ ಬರ್ತೈತಿ, ಅಂಚೆಡಬ್ಬಿ ಇದ್ರ ಸಾಕು ಅಂತ ಏನ್ ಛಲೋ ತೋರ್ಸೀರಿ! ಅಂದಮ್ಯಾಲ ನೀವು ಸಿರುಗುಪ್ಪ ಯಾಕ ಬಿಡ್ತೀರಿ? ಅಲ್ಲಿಂದ್ಲೇ ಬರದು ಕಳಸ್ರಿ" ಎಂದರು.

ಮನೆಗೆ ಬಂದು ಹೇಳಿದೆ. ಹೆಂಡತಿ ಅಳಲಿಲ್ಲ, ಅದಕ್ಕೇ ಭಯವಾಯಿತು. "ಹಂಗಾದ್ರ ಸಂಸಾರಾನೂ ಅಂಚ್ಯಾಗ ಮಾಡಾಕ ಬರ್ತೈತಂತ ಇನ್ನೊಂದು ಬರದುಬಿಡ್ರಿ" ಎಂದಳು. ನಾನು ಬರೆಯಲಿಲ್ಲ. ಬರೆದರೆ ಇಲಾಖೆ ಅದನ್ನೂ ಒಪ್ಪಿಬಿಡುತ್ತಿತ್ತು. ನನ್ನ ಬರವಣಿಗೆ ಅಷ್ಟು ಚೆನ್ನಾಗಿದೆ.