ರವೆ ತುಂಬಿದ ತೋಟೆಗಳು

"ನನ್ನ ಬಂದೂಕಿನ ಗುಂಡು ಸ್ಟೇಜಿನ ಮೇಲೆ ಅಸಲಿಯ ಹಾಗೇ ಕಾಣಬೇಕು! ಒಂದೊಂದನ್ನೂ ನನ್ನ ಕೈಯಾರೆ ತುಂಬಿಸ್ತೇನೆ!"

ಕೊಲ್ಲಿ ದೇಶದ ಸತ್ವಾ ಬಡಾವಣೆಯ ವಿಲ್ಲಾದಲ್ಲಿ ನಾಲ್ಕು ಸಂಸಾರಗಳು ಹಂಚಿಕೊಂಡಿದ್ದ ಅಡುಗೆಮನೆಯಲ್ಲಿ ನಿಂತು ಪುರಂದರ ಹೀಗೆ ಗರ್ಜಿಸಿದಾಗ, ಬಸಳೆ ಹೆಚ್ಚುತ್ತಿದ್ದ ಹೆಂಡತಿ ಜಲಜಾಕ್ಷಿ ತಲೆಯೆತ್ತಲಿಲ್ಲ.

"ಮೊದಲು ಬಾತ್‌ರೂಮಿನ ಬಲ್ಬು ಹಾಕಿ."

ಊರವರ ಸಂಘದ ನಾಟಕದಲ್ಲಿ ಅವನಿಗೆ ಸಿಪಾಯಿಯ ಪಾತ್ರ ಸಿಕ್ಕಿತ್ತು. ನಿರ್ದೇಶಕ ಪೃಥ್ವಿರಾಜ್, ಅಲ್ ಕೂಜ್‌ನಲ್ಲಿ ಸಿನಿಮಾ ಸಾಮಾನು ಬಾಡಿಗೆಗೆ ಕೊಡುವ ಗೋದಾಮೊಂದರಲ್ಲಿ ಮಹಾಯುದ್ಧದ ಕಾಲದ ಮಿಲಿಟರಿ ರೈಫಲ್ ಗೊತ್ತುಮಾಡಿದ್ದ. ನಳಿಗೆಗೆ ಬೆಸುಗೆ ಹಾಕಿದ್ದರಿಂದ ಅದು ಹಾರಿಸುವ ಕೋವಿಯಲ್ಲ, ಬರೀ ಹೊರುವ ಕೋವಿ. ನಾಟಕದ ದಿನವಷ್ಟೇ ಅದು ಗೋದಾಮಿನಿಂದ ಹೊರಬರಬೇಕಿತ್ತು. ಪುರಂದರನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಎಂದೋ ಸುಟ್ಟು ಮುಗಿದ ಹಿತ್ತಾಳೆಯ ಖಾಲಿ ತೋಟೆಗಳನ್ನು ಅದೇ ಗೋದಾಮಿನಿಂದ ಬೇಡಿ ತಂದ. ಅವುಗಳ ಬಾಯಿಗೆ ಸಿಕ್ಕಿಸಲು ಲೇತ್ ಅಂಗಡಿಯ ಅನ್ಸಾರ್‌ನಿಂದ ತಾಮ್ರದ ಗುಂಡುಗಳನ್ನು ಕಡೆಸಿಕೊಂಡ.

ಆದರೆ ಒಳಗೆ ತೂಕ ಬೇಡವೇ? ಅವನ ಕಣ್ಣು ರವೆಯ ಡಬ್ಬದ ಮೇಲೆ ಬಿತ್ತು.

"ಎಂತ ಮಾಡ್ತಿದ್ದೀರಿ? ಅದು ಉಪ್ಪಿಟ್ಟಿನ ರವೆ!"

"ಊರಲ್ಲಿ ಕೋವಿಗೆ ತುಂಬುವ ಸೀಸದ ಕಾಳಿಗೂ ರವೆ ಅಂತಲೇ ಹೇಳುವುದಲ್ವಾ ಮಾರಾಯ್ತಿ? ಇದು ನನ್ನ ಮದ್ದು!"

"ಮದ್ದು ಬೇಕಾದ್ದು ನಿಮ್ಮ ತಲೆಗೆ."

ಅವನು ಕೇಳಲಿಲ್ಲ. ತಕ್ಕಡಿಯಲ್ಲಿ ರವೆ ತೂಗಿ, ಅಕ್ಕಸಾಲಿಗನ ಗಾಂಭೀರ್ಯದಿಂದ ತೋಟೆಗಳಿಗೆ ಸುರಿದ. ಗುಂಡು ಬಾಯಿಗೆ ಹೊಗಲಿಲ್ಲ. ಜಲಜಾಕ್ಷಿ ಊರಿನಿಂದ ಹೊತ್ತು ತಂದಿದ್ದ ಶ್ಯಾವಿಗೆ ಒರಳಿಗೆ ತೋಟೆಯನ್ನು ಸಿಕ್ಕಿಸಿ ತಿರುಪಿ ಒತ್ತಿದ. ಕಟಕ್! ಕೂತಿತು! ತನ್ನನ್ನು ಒಂದು ಸೈನ್ಯಕ್ಕೇ ಶಸ್ತ್ರ ಪೂರೈಸುವವನೆಂದು ಭಾವಿಸಿ ಅವನು ಬೀಗಿದ. ತುಂಬಿದ್ದನ್ನೆಲ್ಲ ಒರೆಸಿ ಹೊಳಪುಗೊಳಿಸಿ, ಅಡುಗೆಕಟ್ಟೆಯ ಮೇಲೆ ಸ್ಟೀಲಿನ ತಟ್ಟೆಯಲ್ಲಿ ಸಾಲಾಗಿ ನಿಲ್ಲಿಸಿದ.

ಪಕ್ಕದ ಕೋಣೆಯ ಡೆಲ್ಫಿನ್ ಬಾಯಿ ಚಹಾಕ್ಕೆ ನೀರಿಡಲು ಬಂದವರು ತಟ್ಟೆ ನೋಡಿದರು. ಅವರ ಕಿರುಚಾಟಕ್ಕೆ ಇಡೀ ವಿಲ್ಲಾ ಬೀದಿಗೆ ಬಂತು. ಯಾರೋ ಫೋನ್ ಮಾಡಿದರು. ಪುರಂದರ "ನಾಟಕ! ನಾಟಕ!" ಎಂದು ವಿವರಿಸುತ್ತಿರುವಾಗಲೇ ಪೊಲೀಸರು ಒಳಗೆ ಬಂದಾಗಿತ್ತು.

ಅಧಿಕಾರಿ ತಟ್ಟೆಯನ್ನು, ತಕ್ಕಡಿಯನ್ನು, ಒರಳನ್ನು ನೋಡಿ ಹಿಂದಿಯಲ್ಲಿ ಶಾಂತವಾಗಿ ಕೇಳಿದ: "ಇದೆಲ್ಲ ಯಾರದ್ದು?"

ಪುರಂದರನ ಕಣ್ಣ ಮುಂದೆ ಕೆಲಸ, ವೀಸಾ, ಜೈಲು ಎಲ್ಲ ಒಟ್ಟಿಗೆ ಸುತ್ತಿದವು. ನಾಲಿಗೆ ತಾನಾಗಿಯೇ ಹೊರಳಿತು.

"ಸರ್... ಕಿಚನ್ ಪೂರಾ ಇವಳದ್ದೇ. ಒರಳೂ ಇವಳದ್ದು, ರವೆಯೂ ಇವಳದ್ದು. ನನಗೇನೂ ಗೊತ್ತಿಲ್ಲ!"

ಜಲಜಾಕ್ಷಿ ಗಂಡನನ್ನು ಒಮ್ಮೆ ನೋಡಿದಳು. ಅಧಿಕಾರಿಯ ಅನುಮತಿ ಕೇಳಿ ಒಂದು ತೋಟೆ ಎತ್ತಿಕೊಂಡಳು. ಇಕ್ಕಳದಿಂದ ಗುಂಡು ಕಿತ್ತು, ಒಳಗಿದ್ದುದನ್ನು ಅಧಿಕಾರಿಯ ಅಂಗೈಗೆ ಸುರಿದಳು. ರವೆಯ ನಡುವಿನಿಂದ ಒಂದು ಹುಳ ಎದ್ದು ನಿಧಾನವಾಗಿ ನಡೆಯತೊಡಗಿತು.

ಅಧಿಕಾರಿಗೆ ನಗು ತಡೆಯಲಾಗಲಿಲ್ಲ. ಗೋದಾಮಿಗೆ ಫೋನ್ ಮಾಡಿ ವಿಚಾರಿಸಿದ, ಇನ್ನೊಮ್ಮೆ ಹೀಗಾದರೆ ಬಿಡುವುದಿಲ್ಲವೆಂದು ಎಚ್ಚರಿಸಿದ. ತೋಟೆಗಳ ಜತೆ ಒರಳನ್ನೂ ಎತ್ತಿಕೊಂಡು, "ಖಲಾಸ್," ಎಂದು ಹೊರಟ.

ಸಂಘದವರು ಹೆದರಿ ರೈಫಲ್ ಬೇಡವೆಂದರು. ಪುರಂದರನಿಗೆ ಬಣ್ಣ ಬಳಿದ ಹಲಗೆಯ ಬಂದೂಕು ಬಂತು. ಮನೆಯಲ್ಲಿ ಜಲಜಾಕ್ಷಿ ಹೊತ್ತಿಗೆ ಸರಿಯಾಗಿ ಬಡಿಸುತ್ತಿದ್ದಳು, ಮಾತು ಮಾತ್ರ ಅರಬ್ಬಿಯವರು ಹೇಳುವ ಹಾಗೆ ಮಾಫಿ, ಇಲ್ಲವೇ ಇಲ್ಲ. "ಬಾಯಿತಪ್ಪಿ ಬಂತು ಜಲಜಾ," ಎಂದು ಅವನು ಎಷ್ಟು ಸಲ ಗೋಗರೆದರೂ ಅವಳು ಸಾರಿನ ಪಾತ್ರೆಯನ್ನಷ್ಟೇ ಅವನತ್ತ ಸರಿಸುತ್ತಿದ್ದಳು.

ನಾಟಕದ ದಿನ ಸಭಾಂಗಣ ಕಿಕ್ಕಿರಿದಿತ್ತು. ಕೊನೆಯ ದೃಶ್ಯ. ಶತ್ರುಗಳು ಮನೆಯನ್ನು ಮುತ್ತಿದ್ದಾರೆ. ಸಿಪಾಯಿ ಪುರಂದರ ನಾಟಕದ ಹೆಂಡತಿಗೆ ಅಡ್ಡವಾಗಿ ಎದೆಯೊಡ್ಡಿ ನಿಂತ: "ಇವಳು ನನ್ನ ಕೈಹಿಡಿದವಳು! ಇವಳ ಮೇಲೆ ಬರುವ ಆಪತ್ತು ಮೊದಲು ನನ್ನನ್ನು ದಾಟಬೇಕು!"

ಜನ ಉಸಿರು ಬಿಗಿಹಿಡಿದರು. ಆ ನಿಶ್ಶಬ್ದದಲ್ಲಿ ಮುಂದಿನ ಸಾಲಿನಿಂದ ಒಬ್ಬಳೇ ಹೆಂಗಸು ಗೊಳ್ಳೆಂದು ನಕ್ಕಳು. ಪಕ್ಕದಲ್ಲಿದ್ದ ಡೆಲ್ಫಿನ್ ಬಾಯಿಯೂ ಸೇರಿಕೊಂಡರು. ಕ್ಷಣದಲ್ಲಿ ಇಡೀ ಸಭೆ ನಗುತ್ತಿತ್ತು.

ಪರದೆ ಬಿದ್ದ ಮೇಲೆ ಪೃಥ್ವಿರಾಜ್ ಕೆಂಪು ಮುಖ ಮಾಡಿಕೊಂಡು ಓಡಿ ಬಂದ. "ಎಂತಕ್ಕಾ ಇದು? ಅಂಥಾ ಗಂಭೀರ ಸೀನಲ್ಲಿ ನಗುವುದಾ?"

ಜಲಜಾಕ್ಷಿ ಗಂಡನಿಗೆ ಕೇಳುವ ಹಾಗೆ ಹೇಳಿದಳು:

"ತಪ್ಪಾಯ್ತು ಮಾರಾಯಾ. ನಾನು ಹಾಸ್ಯ ನಾಟಕ ಅಂತ ತಿಳಕೊಂಡೆ."