ವೆಂಡೆಲ್ ಕ್ರುಪಿನ್ಸ್ಕಿಯವರ ಪಾರಂಪರಿಕ ಹಲ್ಲು

ಪೋರ್ಟ್ ಆಲ್ಡನ್ ನಗರಸಭೆಯ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿ ಹನ್ನೊಂದು ಕಟ್ಟಡಗಳೂ ಒಂದು ಹಲ್ಲೂ ಇವೆ. ಕಟ್ಟಡಗಳ ಬಗ್ಗೆ ಯಾರದೂ ತಕರಾರಿಲ್ಲ. ಹಲ್ಲಿನ ಬಗ್ಗೆಯೂ ಈಗ ಇಲ್ಲ. ಆದರೂ ಹೊರ ಊರಿನವರು ಆಗಾಗ ಪತ್ರ ಬರೆದು ವಿವರಣೆ ಕೇಳುವುದರಿಂದ, ನಗರಸಭೆಯ ದಾಖಲೆ ಅಧಿಕಾರಿಯಾದ ನಾನು ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆದಿಡುತ್ತಿದ್ದೇನೆ. ಇದರಲ್ಲಿ ನನ್ನ ಅಭಿಪ್ರಾಯ ಎಲ್ಲೂ ಇಲ್ಲ. ನನಗೆ ಸಂಬಳ ಬರುವುದು ಅಭಿಪ್ರಾಯಕ್ಕಲ್ಲ.

ನಮ್ಮ ಬೇಸ್‌ಬಾಲ್ ತಂಡದ ಹೆಸರು ಹೆರಾನ್ಸ್, ಅಂದರೆ ಬಕಗಳು. ಸರೋವರದ ಅಂಚಿನಲ್ಲಿ ಒಂಟಿಕಾಲಿನಲ್ಲಿ ನಿಂತು ಮೀನಿಗಾಗಿ ಕಾಯುವ ಹಕ್ಕಿ. ತಂಡವೂ ಮೂವತ್ತೆಂಟು ವರ್ಷಗಳಿಂದ ಅದನ್ನೇ ಮಾಡುತ್ತಿತ್ತು. ಮೀನು ಮಾತ್ರ ಸಿಕ್ಕಿರಲಿಲ್ಲ. ಐದು ತಂಡಗಳ ವಿಭಾಗದಲ್ಲಿ ಮೊದಲ ಸ್ಥಾನ ಪ್ರತಿವರ್ಷ ಬೇರೆ ಯಾರಿಗಾದರೂ ಹೋಗುತ್ತಿತ್ತು, ಹೆಚ್ಚಾಗಿ ಕಾರ್ವರ್ ಸಿಟಿಯ ಮ್ಯೂಲ್ಸ್ ತಂಡಕ್ಕೆ. ಆ ಮೂವತ್ತೆಂಟು ವರ್ಷವೂ ಹನ್ನೆರಡನೆಯ ಗ್ಯಾಲರಿಯ ಮೂರನೆಯ ಸಾಲಿನ ಆರನೆಯ ಕುರ್ಚಿಯಲ್ಲಿ ವೆಂಡೆಲ್ ಕ್ರುಪಿನ್ಸ್ಕಿ ಎಂಬ ಅಂಚೆಯವರು ಕೂತಿದ್ದರು. ಮಳೆ ಬಂದಾಗ ಕೂತರು, ಪಂದ್ಯ ರದ್ದಾದಾಗಲೂ ಸ್ವಲ್ಪ ಹೊತ್ತು ಕೂತರು. ಕೆಲಸದಿಂದ ನಿವೃತ್ತರಾದರು, ಕುರ್ಚಿಯಿಂದ ಆಗಲಿಲ್ಲ.

ಸೆಪ್ಟೆಂಬರ್ ನಾಲ್ಕನೆಯ ತಾರೀಖು, ಗುರುವಾರ ಮಧ್ಯಾಹ್ನ, ಅವರು ಆ ಕುರ್ಚಿಯಲ್ಲಿರಲಿಲ್ಲ. ಕೆಳದವಡೆಯ ಎಡಬದಿಯ ಎರಡನೆಯ ದವಡೆಹಲ್ಲು ಹುಳುಕಾಗಿ, ಡಾಕ್ಟರ್ ಆಗ್ನೆಸ್ ಟಿಲ್‌ಮನ್ ಅವರ ದಂತ ಚಿಕಿತ್ಸಾಲಯದ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದರು. ರೇಡಿಯೋದಲ್ಲಿ ಪಂದ್ಯದ ವಿವರಣೆ ಬರುತ್ತಿತ್ತು. ವಿಭಾಗದಲ್ಲಿ ಮೊದಲ ಸ್ಥಾನದ ಮ್ಯೂಲ್ಸಿಗಿಂತ ಬಕಗಳು ಏಳು ಪಂದ್ಯ ಹಿಂದಿದ್ದವು. ಆ ದಿನದ ಪಂದ್ಯದಲ್ಲೂ ಮೂರು ರನ್ ಹಿಂದಿದ್ದವು. ಮರಗಟ್ಟಿಸುವ ಮದ್ದು ಇನ್ನೂ ಸರಿಯಾಗಿ ಹಿಡಿದಿರಲಿಲ್ಲ. ಕೊರೆಯುವ ಯಂತ್ರ ಹಲ್ಲಿಗೆ ತಾಗಿತು. ವೆಂಡೆಲ್ "ಆ!" ಎಂದರು. ಅದೇ ಕ್ಷಣಕ್ಕೆ ನಮ್ಮ ಆಟಗಾರನೊಬ್ಬ ಹೊಡೆದ ಚೆಂಡು ಬೇಲಿ ದಾಟಿತು. ಮೂರು ಬೇಸುಗಳಲ್ಲಿ ನಿಂತಿದ್ದವರೂ ಹೊಡೆದವನೂ ಸೇರಿ ನಾಲ್ಕು ರನ್ ಬಂದವು.

ವೆಂಡೆಲ್ ಡಾಕ್ಟರ ಮಣಿಕಟ್ಟು ಹಿಡಿದುಕೊಂಡರು.

"ಬಿಡ್ರೀ ಕೈನ. ಇನ್ನೂ ಅರ್ಧಾನೇ ಆಗಿರೋದು."

"ಮುಟ್ಟಬೇಡಿ ಡಾಕ್ಟ್ರೇ. ಏನೂ ಬದಲಾಯಿಸಬಾರದು."

"ಹಲ್ಲಲ್ಲಿ ತೂತಿದೆ, ವೆಂಡೆಲ್."

"ಇರ್ಲಿ ಬಿಡಿ. ಗೆಲ್ತಾ ಇದೀವಿ."

ಗೆಲ್ಲುತ್ತಿರುವಾಗ ಏನನ್ನೂ ಬದಲಾಯಿಸಬಾರದು ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಗೆಲುವಿನ ದಿನ ಹಾಕಿದ ಟೋಪಿಯನ್ನು ಯಾರೂ ಒಗೆಯುವುದಿಲ್ಲ; ಕಾಲುಚೀಲವನ್ನೂ ಒಗೆಯುವುದಿಲ್ಲ, ಅದನ್ನು ಬೇರೆಯವರು ಸಹಿಸಿಕೊಳ್ಳುತ್ತಾರೆ. ಡಾಕ್ಟರ್ ಟಿಲ್‌ಮನ್ ಕೂಡ ಇದೇ ಊರಿನವರು. ಯಂತ್ರ ಕೆಳಗಿಟ್ಟು, ತೂತಿಗೆ ತಾತ್ಕಾಲಿಕ ಸಿಮೆಂಟು ಮೆತ್ತಿ ಕಳಿಸಿದರು.

ಶುಕ್ರವಾರ ಹಲ್ಲು ನೋಯಿತು, ಬಕಗಳು ಗೆದ್ದವು. ಶನಿವಾರ ವೆಂಡೆಲ್ ನೋವಿನ ಮಾತ್ರೆ ನುಂಗಿದರು, ಬಕಗಳು ಸೋತವು. ಭಾನುವಾರ ಮಾತ್ರೆಯಿಲ್ಲದೆ ಚಿಕಿತ್ಸಾಲಯದ ಅದೇ ಕುರ್ಚಿಯಲ್ಲಿ ಮಲಗಿ ಪಂದ್ಯ ಕೇಳಿದರು, ಬಕಗಳು ಹನ್ನೊಂದು ರನ್ನಿನಿಂದ ಗೆದ್ದವು. ಇದಕ್ಕಿಂತ ಹೆಚ್ಚಿನ ಪುರಾವೆಯನ್ನು ಯಾವ ನಗರಸಭೆಯೂ ಕೇಳುವುದಿಲ್ಲ.

ಕ್ಷೌರದಂಗಡಿಯ ಮೂಲಕ ಸುದ್ದಿ ಮೇಯರ್ ಗಾರ್ಲ್ಯಾಂಡ್ ಪೀಟ್ ಅವರಿಗೆ ತಲುಪಿತು. ನವೆಂಬರಿನಲ್ಲಿ ಮೇಯರ್ ಚುನಾವಣೆಯಿತ್ತು. ಚುನಾವಣೆಗೂ ಹಲ್ಲಿಗೂ ಸಂಬಂಧವಿಲ್ಲವೆಂದು ಅವರೇ ಲಿಖಿತವಾಗಿ ತಿಳಿಸಿದ್ದಾರೆ. ಹಲ್ಲನ್ನು ರಕ್ಷಿಸಲು ಕಾನೂನಿನಲ್ಲಿ ಅವಕಾಶ ಹುಡುಕಲು ನನಗೆ ಆದೇಶವಾಯಿತು. ಮರ, ಕಾರಂಜಿ, ಪ್ರತಿಮೆ, ಕಟ್ಟಡ ಎಂದು ನಾಲ್ಕೇ ವರ್ಗಗಳಿದ್ದವು. ಹಲ್ಲಿಗೆ ಬುನಾದಿಯಿದೆ, ಗೋಡೆಯಿದೆ, ಇತ್ತೀಚೆಗೆ ಸಿಮೆಂಟು ಕೆಲಸವೂ ಆಗಿದೆ. ಆದ್ದರಿಂದ ಅದು ಕಟ್ಟಡ. ಸೆಪ್ಟೆಂಬರ್ ಒಂಬತ್ತರಂದು ಅದನ್ನು ಪಾರಂಪರಿಕ ಪಟ್ಟಿಗೆ ಸೇರಿಸಿ, ಈ ಕೆಳಗಿನ ನಿಯಮಗಳನ್ನು ಹೊರಡಿಸಲಾಯಿತು:

"ನಿಯಮ 1. ಸದರಿ ಹಲ್ಲನ್ನು ಕೀಳುವುದು, ತುಂಬುವುದು, ಅನಗತ್ಯವಾಗಿ ನಾಲಿಗೆಯಿಂದ ಮುಟ್ಟುವುದನ್ನು ನಿಷೇಧಿಸಲಾಗಿದೆ. ಕೀಳಲೇಬೇಕಾದಲ್ಲಿ ಕಟ್ಟಡ ಕೆಡವುವ ಪರವಾನಗಿ ಪಡೆಯತಕ್ಕದ್ದು. ನೆರೆಹೊರೆಯವರ ಆಕ್ಷೇಪಣೆಗೆ ಮೂವತ್ತು ದಿನ ಕಾಯತಕ್ಕದ್ದು.

"ನಿಯಮ 2. ಪ್ರತಿ ಪಂದ್ಯಕ್ಕೆ ಮುನ್ನ ಮತ್ತು ಪಂದ್ಯದ ವೇಳೆ ಗಂಟೆಗೊಮ್ಮೆ ನೋವನ್ನು ಒಂದರಿಂದ ಹತ್ತರವರೆಗಿನ ಅಳತೆಯಲ್ಲಿ ದಾಖಲಿಸತಕ್ಕದ್ದು. ಆರಕ್ಕಿಂತ ಕಡಿಮೆಯಿದ್ದಲ್ಲಿ, ಅಥವಾ ಉತ್ತರ ಬಾರದಿದ್ದಲ್ಲಿ, ಹಲ್ಲಿನ ಮೇಲೆ ಐಸ್ ನೀರು ಸುರಿಯತಕ್ಕದ್ದು.

"ನಿಯಮ 3. ಪಂದ್ಯ ಮುಗಿಯುವವರೆಗೆ ಹಲ್ಲು ಟಿಲ್‌ಮನ್ ಚಿಕಿತ್ಸಾಲಯದ ಕುರ್ಚಿಯ ಮೇಲೆಯೇ ಇರತಕ್ಕದ್ದು.

"ನಿಯಮ 4. ಕನಿಕರದಿಂದ ನೋವು ಕಡಿಮೆಯಾಗುವ ಸಂಭವವಿರುವುದರಿಂದ, ಪಂದ್ಯದ ದಿನಗಳಲ್ಲಿ ಕನಿಕರ ತೋರತಕ್ಕದ್ದಲ್ಲ."

ನಾಲ್ಕನೆಯ ನಿಯಮದಡಿ ವೆಂಡೆಲ್ ಅವರ ಪತ್ನಿ ಡೋರೀನ್ ಅವರಿಗೆ ಮೊದಲ ವಾರದಲ್ಲೇ ಎರಡು ಎಚ್ಚರಿಕೆ ಪತ್ರ ಕಳಿಸಬೇಕಾಯಿತು. ಎರಡು ಸಲವೂ ಅವರು "ಅಯ್ಯೋ ಪಾಪ" ಎಂದಿದ್ದಕ್ಕೆ ಸಾಕ್ಷಿಗಳಿದ್ದರು.

ತಪಾಸಣೆಯ ಹೊಣೆ ಕಟ್ಟಡ ಇಲಾಖೆಯ ಮರ್ವಿನ್ ಹಸ್ಕಿನ್ ಅವರದ್ದಾಯಿತು. ಇಪ್ಪತ್ತಾರು ವರ್ಷ ಸೇತುವೆ, ಹೊಗೆಗೂಡು ನೋಡಿದವರು. ಪ್ರತಿದಿನ ಹಳದಿ ಹೆಲ್ಮೆಟ್ ಹಾಕಿಕೊಂಡು ಬಂದು, ಬಾಯೊಳಗೆ ಟಾರ್ಚ್ ಬಿಟ್ಟು, ಸಣ್ಣ ಸುತ್ತಿಗೆಯಿಂದ ಒಮ್ಮೆ ತಟ್ಟಿ ಕೇಳುತ್ತಿದ್ದರು.

"ಎಷ್ಟು?"

"ಎಂಟು! ಎಂಟಪ್ಪಾ, ನಿನ್ನ ಸುತ್ತಿಗೆಗೆ ಬೆಂಕಿ ಬೀಳ!"

"ಬೈಗುಳಕ್ಕೆ ಅಂಕಣ ಇಲ್ಲ ಸಾರ್. ಎಂಟು ಅಂತ ಬರ್ಕೋತೀನಿ."

ಊರಿಗೆ ಊರೇ ಚುರುಕಾಯಿತು. ತಂಡದ ನೀಲಿ ಬಣ್ಣದ ಬಟ್ಟೆಯನ್ನು ಹಲ್ಲುನೋವಿನವರಂತೆ ಗದ್ದದಿಂದ ನೆತ್ತಿಗೆ ಕಟ್ಟಿಕೊಂಡು ಜನ ಕ್ರೀಡಾಂಗಣಕ್ಕೆ ಹೋಗತೊಡಗಿದರು. ಆ ಬಟ್ಟೆಪಟ್ಟಿ ಮಾರುವ ಏಕೈಕ ಪರವಾನಗಿ ಮೇಯರ್ ಅವರ ಭಾವಮೈದುನನಿಗೆ ಸಿಕ್ಕಿತು. ಅರ್ಜಿ ಹಾಕಿದವರು ಅವರೊಬ್ಬರೇ, ಯಾಕೆಂದರೆ ಅರ್ಜಿ ಕರೆದದ್ದು ಬೇರೆ ಯಾರಿಗೂ ಗೊತ್ತಿರಲಿಲ್ಲ. ಚಿಕಿತ್ಸಾಲಯದ ಕುರ್ಚಿ ದಿನವೂ ಮೂರು ಗಂಟೆ ವೆಂಡೆಲ್ ಅವರಿಗೆ ಮೀಸಲಾದ್ದರಿಂದ, ಉಳಿದ ರೋಗಿಗಳಿಗೆ ಡಾಕ್ಟರು ಅಡುಗೆಮನೆಯ ಸ್ಟೂಲಿನ ಮೇಲೆ ಹಲ್ಲು ಕಿತ್ತರು. ಯಾರೂ ದೂರಲಿಲ್ಲ. ಬಕಗಳ ಹಿನ್ನಡೆ ಏಳು ಪಂದ್ಯದಿಂದ ಐದಕ್ಕೆ, ಐದರಿಂದ ಮೂರಕ್ಕೆ ಇಳಿದಿತ್ತು.

ಇಷ್ಟರಲ್ಲಿ ವೆಂಡೆಲ್ ಅವರಿಗೆ ಊಟವೆಂದರೆ ಆರಿದ ಟೊಮೇಟೊ ಸೂಪು ಮತ್ತು ಅರೆದ ಸೇಬು. ಅದನ್ನು ಅವರು ಸಹಿಸಿದರು. ಸಹಿಸಲಾಗದೆ ಹೋದದ್ದು ಇನ್ನೊಂದು. ಮೂವತ್ತೆಂಟು ವರ್ಷ ಸೋಲನ್ನು ಕಣ್ಣಾರೆ ಕಂಡವರು, ಈಗ ಗೆಲುವನ್ನು ಚಾವಣಿ ನೋಡುತ್ತ ಕೇಳಬೇಕಾಗಿತ್ತು. ಚಾವಣಿಯಲ್ಲಿ ಹಲ್ಲುಜ್ಜುವ ಕ್ರಮದ ಚಿತ್ರವೊಂದಿತ್ತು.

ಸೆಪ್ಟೆಂಬರ್ ಇಪ್ಪತ್ತೊಂದರ ಹೊತ್ತಿಗೆ ಕೆನ್ನೆ ಬನ್ನಿನಂತೆ ಊದಿತು. ಅಂದು ಬೆಳಿಗ್ಗೆ ಚರ್ಚಿನಿಂದ ಬರುವ ದಾರಿಯಲ್ಲಿ ಡೋರೀನ್ ಕಾರನ್ನು ಮನೆಗೆ ತಿರುಗಿಸದೆ ನೇರ ಚಿಕಿತ್ಸಾಲಯಕ್ಕೆ ತಂದರು.

"ಕೀಳಿ," ಎಂದರು ಡಾಕ್ಟರಿಗೆ.

"ಪರವಾನಗಿ?"

"ನಿಮ್ಮ ಹತ್ರ ಇಕ್ಕಳ ಇದೆ ತಾನೇ?"

ಆರು ನಿಮಿಷದಲ್ಲಿ ಹಲ್ಲು ಖಾಲಿ ಮಾತ್ರೆಯ ಸೀಸೆಯಲ್ಲಿತ್ತು. ಮೂವರೂ ಪ್ರಮಾಣ ಮಾಡಿ ಬಾಯಿ ಮುಚ್ಚಿಕೊಂಡರು. ವೆಂಡೆಲ್ ಹತ್ತಿ ಇಟ್ಟುಕೊಂಡು ಮುಚ್ಚಿಕೊಂಡರು. ಮಧ್ಯಾಹ್ನ ಬಕಗಳು ಒಂಬತ್ತು ರನ್ನಿನಿಂದ ಗೆದ್ದವು. ಮರುದಿನವೂ ಗೆದ್ದವು. ಹಲ್ಲಿಲ್ಲದೆ ಸತತವಾಗಿ ಆರು ಪಂದ್ಯ ಗೆದ್ದವು. ಪ್ರತಿದಿನವೂ ಹಸ್ಕಿನ್ ಬಂದು, ಟಾರ್ಚ್ ಬಿಟ್ಟು, ನೋಡಿ, ಬರೆದುಕೊಂಡು ಹೋದರು.

ಇಪ್ಪತ್ತೇಳನೆಯ ತಾರೀಖು, ಶನಿವಾರ, ಬಕಗಳು ಸೋತವು. ಈಗ ಬಕಗಳೂ ಮ್ಯೂಲ್ಸೂ ಸಮಸಮ. ಮರುದಿನ ಭಾನುವಾರ ನಮ್ಮದೇ ಮೈದಾನದಲ್ಲಿ ಅವೆರಡರ ನಡುವೆಯೇ ಕೊನೆಯ ಪಂದ್ಯ. ಗೆದ್ದವರಿಗೆ ವಿಭಾಗದ ಮೊದಲ ಸ್ಥಾನ, ಮುಂದಿನ ಸುತ್ತಿಗೆ ಪ್ರವೇಶ. ಸಂಜೆ ಐದಕ್ಕೆ ನಗರಸಭೆಯ ತುರ್ತು ಸಭೆ ಸೇರಿತು. ವೆಂಡೆಲ್ ಟೋಪಿ ಕೈಯಲ್ಲಿ ಹಿಡಿದು ಎದ್ದು ನಿಂತರು.

"ಒಂದು ಮಾತು ಹೇಳ್ಬಿಡ್ತೀನಿ. ಹಲ್ಲಿಲ್ಲ. ಕಳೆದ ಭಾನುವಾರಾನೇ ಕೀಳಿಸ್ದೆ. ಆಮೇಲೂ ಆರು ಗೆದ್ದಿದೀವಿ. ಅಂದ್ರೆ ಹುಡುಗರು ತಾವಾಗೇ ಆಡ್ತಿದಾರೆ, ನನ್ನ ಹಲ್ಲಿಂದಲ್ಲ. ನಾಳೆ ಒಂದಿನ ನನ್ನ ಕುರ್ಚೀಲಿ ಕೂರೋಕೆ ಬಿಡಿ. ಮೂವತ್ತೆಂಟು ವರ್ಷ ಕಾದಿದೀನಿ."

ಮೇಯರ್ ಹಸ್ಕಿನ್ ಅವರತ್ತ ತಿರುಗಿದರು.

"ಏನಯ್ಯಾ ಮರ್ವಿನ್, ದಿನಾ ನೋಡ್ತಿದ್ಯಲ್ಲ?"

"ನೋಡ್ತಿದ್ದೆ ಸಾರ್. ಖಾಲಿ ಇತ್ತು."

"ಮತ್ತೆ ವರದೀಲಿ 'ಯಥಾಸ್ಥಿತಿ' ಅಂತಿದೆ?"

"ನಮೂನೇಲಿ ಮೂರೇ ಆಯ್ಕೆ ಸಾರ್. ಯಥಾಸ್ಥಿತಿ, ಬಿರುಕು, ಸೋರಿಕೆ. ಸೋರ್ತಿರ್ಲಿಲ್ಲ."

ಉತ್ತರ ಸಮರ್ಪಕವಾಗಿದೆಯೆಂದು ಸಭೆ ದಾಖಲಿಸಿತು. ಬಳಿಕ ಮೇಯರ್ ಕಡತ ತರಿಸಿ, ಮೊದಲಿನಿಂದ ಕೊನೆಯವರೆಗೆ ಓದಿ, ತೀರ್ಪು ಕೊಟ್ಟರು.

"ಪರವಾನಗಿ ಇಲ್ಲದೆ ಪಾರಂಪರಿಕ ಕಟ್ಟಡ ಕೆಡವೋಕೆ ಬರಲ್ಲ. ಪರವಾನಗಿ ನಾವು ಕೊಟ್ಟಿಲ್ಲ. ಆದ್ದರಿಂದ ಕೆಡವಿಲ್ಲ. ಹಲ್ಲಿದೆ."

"ಬಾಯಿ ತೆಗೀಲಾ?" ಎಂದರು ವೆಂಡೆಲ್.

"ಬೇಡ. ಸ್ಥಳ ಪರಿಶೀಲನೆಯಿಂದ ಕಡತಕ್ಕೆ ಗೊಂದಲ ಆಗುತ್ತೆ."

ಡೋರೀನ್ ಕೈಚೀಲದಿಂದ ಸೀಸೆ ತೆಗೆದು ಮೇಜಿನ ಮೇಲೆ ಕುಟ್ಟಿದರು. "ಹಾಗಾದ್ರೆ ಇದೇನು? ಕಡಲೇಬೀಜನಾ?"

ಸದಸ್ಯರು ಸೀಸೆಯನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಮೂಲ ಹಲ್ಲು ಕಡತದ ಪ್ರಕಾರ ಬಾಯಲ್ಲಿಯೇ ಇರುವುದರಿಂದ, ಸೀಸೆಯಲ್ಲಿರುವುದು ಅದರ ನಕಲು ಎಂದು ಆರಕ್ಕೆ ಒಂದು ಮತದಿಂದ ತೀರ್ಮಾನವಾಯಿತು. ವಿರೋಧಿಸಿದ ಒಬ್ಬರ ಗಂಡನ ಊರು ಕಾರ್ವರ್ ಸಿಟಿ. ಅವರ ನಿಷ್ಪಕ್ಷಪಾತದ ಬಗ್ಗೆ ಮೊದಲಿನಿಂದಲೂ ಅನುಮಾನವಿತ್ತು.

ವೆಂಡೆಲ್ ಕುಸಿದು ಕೂತರು. ಡೋರೀನ್ ಮಾತ್ರ ನಿಂತೇ ಇದ್ದರು. ಅವರು ನನ್ನ ಮೇಜಿನ ಹಿಂದಿನ ಗೋಡೆಯನ್ನೇ ನೋಡುತ್ತಿದ್ದರು. ಅಲ್ಲೊಂದು ಹಳೆಯ ಫಲಕವಿದೆ, ನಾನೇ ಹಾಕಿಸಿದ್ದು.

"ದಾಖಲೆ ಸಾಹೇಬ್ರೇ, ಅದನ್ನ ಸ್ವಲ್ಪ ಜೋರಾಗಿ ಓದ್ತೀರಾ?"

ಓದಿದೆ. "ದೃಢೀಕರಿಸಿದ ನಕಲು ಎಲ್ಲ ಉದ್ದೇಶಗಳಿಗೂ ಮೂಲಕ್ಕೆ ಸಮಾನ."

"ಸರಿ. ಇದನ್ನ ದೃಢೀಕರಿಸಿ. ಮೂರನೇ ನಿಯಮದಲ್ಲಿ ಕುರ್ಚಿ ಮೇಲೆ 'ಹಲ್ಲು' ಇರಬೇಕು ಅಂತಿದೆ. ವೆಂಡೆಲ್ ಇರಬೇಕು ಅಂತ ಎಲ್ಲಿದೆ? ತೋರಿಸಿ ನೋಡೋಣ."

ಎಲ್ಲೂ ಇರಲಿಲ್ಲ. ಆ ನಿಯಮವನ್ನು ಬರೆದವನು ನಾನು, ನನ್ನ ಬರವಣಿಗೆಯಲ್ಲಿ ಒಂದು ಪದ ಹೆಚ್ಚಿರುವುದಿಲ್ಲ. ಸೀಸೆಗೆ ಚೀಟಿ ಅಂಟಿಸಿ, ಮೂಲದೊಂದಿಗೆ ಹೋಲಿಸಿ ನೋಡಲಾಗಿದೆ ಎಂದು ಬರೆದು, ಮುದ್ರೆ ಒತ್ತಿ ಸಹಿ ಮಾಡಿದೆ.

ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ದೃಢೀಕೃತ ನಕಲನ್ನು ಚಿಕಿತ್ಸಾಲಯದ ಕುರ್ಚಿಯ ಮೇಲಿಟ್ಟು, ಸೀಸೆಯ ಕುತ್ತಿಗೆಗೆ ಬಟ್ಟೆ ಕಟ್ಟಿ, ರೇಡಿಯೋ ಹಾಕಲಾಯಿತು. ಹಸ್ಕಿನ್ ಪಕ್ಕದಲ್ಲಿ ಹೆಲ್ಮೆಟ್ ಹಾಕಿಕೊಂಡು ಕೂತರು. ವೆಂಡೆಲ್ ಹನ್ನೆರಡನೆಯ ಗ್ಯಾಲರಿಯ ಮೂರನೆಯ ಸಾಲಿನ ಆರನೆಯ ಕುರ್ಚಿಯಲ್ಲಿ ಕೂತರು. ಕುರ್ಚಿಯ ಕೈಯನ್ನು ಒಮ್ಮೆ ಸವರಿದರು. ಸಾಸಿವೆ ಹಚ್ಚಿದ ಸಾಸೇಜು ತರಿಸಿಕೊಂಡು, ಬಲಬದಿಯಲ್ಲಿ ಮಾತ್ರ ಅಗಿಯುತ್ತ ಆಟ ನೋಡಿದರು.

ಆಟ ಚೆನ್ನಾಗಿರಲಿಲ್ಲ. ಒಂಬತ್ತನೆಯ, ಅಂದರೆ ಕೊನೆಯ ಇನ್ನಿಂಗ್ಸಿನಲ್ಲಿ ಬಕಗಳು ಎರಡು ರನ್ನಿನಲ್ಲಿದ್ದವು, ಮ್ಯೂಲ್ಸ್ ಐದರಲ್ಲಿತ್ತು. ಮೂರು ಬೇಸುಗಳಲ್ಲೂ ನಮ್ಮವರು ನಿಂತಿದ್ದರು. ಇನ್ನೊಬ್ಬ ಔಟಾದರೆ ಎಲ್ಲ ಮುಗಿಯಿತು. ಸುತ್ತಲಿನವರು ವೆಂಡೆಲ್ ಅವರತ್ತ ನೋಡತೊಡಗಿದರು.

"ಯಾಕ್ ಬಂದೆ ಮಾರಾಯ? ಅಲ್ಲೇ ಮಲಗಿದ್ರೆ ಏನಾಗ್ತಿತ್ತು?" ಎಂದ ಹಿಂದಿನ ಸಾಲಿನವ.

ವೆಂಡೆಲ್ ಅರ್ಧ ತಿಂದ ಸಾಸೇಜನ್ನು ತೊಡೆಯ ಮೇಲಿಟ್ಟುಕೊಂಡರು. "ಡೋರೀನ್, ಹೋಗ್ಬಿಡ್ಲಾ?"

"ಕೂತ್ಕೋ."

ಅತ್ತ ಚಿಕಿತ್ಸಾಲಯದಲ್ಲಿ ಗಂಟೆಗೊಮ್ಮೆಯ ತಪಾಸಣೆಯ ವೇಳೆಯಾಗಿತ್ತು. ಹಸ್ಕಿನ್ ಸೀಸೆಯನ್ನು ಸುತ್ತಿಗೆಯಿಂದ ತಟ್ಟಿ, "ಎಷ್ಟು?" ಎಂದು ಕೇಳಿದರು. ಉತ್ತರ ಬರಲಿಲ್ಲ. ಹಿಂದಿನ ತಪಾಸಣೆಗಳಲ್ಲೂ ಬಂದಿರಲಿಲ್ಲ, ಆದರೆ ಐಸ್ ಬಂದು ತಲುಪಿದ್ದು ಈಗಷ್ಟೇ. ನಿಯಮ ಎರಡರ ಪ್ರಕಾರ ಮುಚ್ಚಳ ತೆಗೆದು ಐಸ್ ನೀರು ಸುರಿದರು. ವರದಿಯಲ್ಲಿ ಸಮಯ: ಮೂರು ಗಂಟೆ ಐವತ್ತೆರಡು ನಿಮಿಷ.

ಕ್ರೀಡಾಂಗಣದ ಗಡಿಯಾರದಲ್ಲಿ ಮೂರು ಐವತ್ತೆರಡಾದಾಗ ವೆಂಡೆಲ್ ಕ್ರುಪಿನ್ಸ್ಕಿ ಎಡಗೆನ್ನೆ ಹಿಡಿದುಕೊಂಡು ಎದ್ದು ನಿಂತು "ಆ!" ಎಂದು ಕಿರುಚಿದ್ದನ್ನು ಕನಿಷ್ಠ ಇನ್ನೂರು ಜನ ಕೇಳಿದ್ದಾರೆ. ಚೆಂಡು ಆಗಲೇ ಬೇಲಿ ದಾಟುತ್ತಿತ್ತು. ನಾಲ್ಕು ರನ್. ಆರಕ್ಕೆ ಐದು. ವಿಭಾಗ ನಮ್ಮದು.

ಆ ಗದ್ದಲದಲ್ಲಿ ವೆಂಡೆಲ್ ಹೆಂಡತಿಯ ತೋಳು ಹಿಡಿದು ಅಲ್ಲಾಡಿಸಿದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಯಾವುದಕ್ಕೆಂದು ಹೇಳುವುದು ಕಷ್ಟ.

"ಡೋರೀನ್! ಇಲ್ಲದ ಹಲ್ಲು ನೋಯ್ತಾ ಇದೆ ಕಣೇ!"

"ಸುಮ್ನೆ ನೋಯಿಸ್ಕೋ," ಎಂದರು ಡೋರೀನ್. "ಇನ್ನೂ ಮುಂದಿನ ಸುತ್ತಿದೆ."

ಸೋಮವಾರ ಬೆಳಿಗ್ಗೆ ಎಂಟಕ್ಕೆ ನಾನು ಕಚೇರಿಯ ಬಾಗಿಲು ತೆರೆದಾಗ ಹೊರಗೆ ನಲವತ್ತೊಂದು ಮಂದಿ ನಾಗರಿಕರು ಕೆನ್ನೆಗೆ ಕೈಯಿಟ್ಟುಕೊಂಡು ಸಾಲಾಗಿ ನಿಂತಿದ್ದರು. ಎಲ್ಲರ ಕೈಯಲ್ಲೂ ಪಾರಂಪರಿಕ ಪಟ್ಟಿಗೆ ಸೇರ್ಪಡೆ ಕೋರಿದ ಅರ್ಜಿ. ಡಾಕ್ಟರ್ ಟಿಲ್‌ಮನ್ ಎರಡನೆಯ ಕುರ್ಚಿಗೆ ಬೇಡಿಕೆ ಸಲ್ಲಿಸಿದ್ದರು. ಮೇಯರ್ ಅವರ ಅರ್ಜಿಯಲ್ಲಿ ಎರಡು ಹಲ್ಲುಗಳಿದ್ದವು.

ನಲವತ್ತೆರಡನೆಯವರಾಗಿ ವೆಂಡೆಲ್ ಬಂದರು. ಅವರ ಹಲ್ಲು ಆಗಲೇ ಪಟ್ಟಿಯಲ್ಲಿರುವುದರಿಂದ ಸಾಲಿನಲ್ಲಿ ನಿಲ್ಲಬೇಕಿಲ್ಲವೆಂದು ಹೇಳಿದೆ.

"ಅದಕ್ಕಲ್ಲ ಸ್ವಾಮಿ," ಎಂದು ಅವರು ಬಾಯಿಗೆ ಕೈ ಅಡ್ಡ ಹಿಡಿದು ಮೆಲ್ಲಗೆ ಹೇಳಿದರು. "ಮೇಲ್ಗಡೆ ಬಲಕ್ಕೊಂದು ಅಲ್ಲಾಡ್ತಿದೆ. ಮುಂದಿನ ಸುತ್ತಿನ ತಂಡಗಳು ಗಟ್ಟಿ. ಒಂದು ಸಾಲದು ಅನ್ನಿಸ್ತು."

ಸರದಿ ಚೀಟಿ ಕೊಟ್ಟೆ. ಅವರು ಹೋಗಿ ಸಾಲಿನ ಕೊನೆಯಲ್ಲಿ ನಿಂತು, ಮುಂದಿದ್ದವರಿಗೆ ಯಾವ ಕಾರಣಕ್ಕೂ ನೋವಿನ ಮಾತ್ರೆ ನುಂಗಬಾರದೆಂದು ವಿವರಿಸತೊಡಗಿದರು.